ಅಣ್ಣಾಜಿರಾಯನ ಏಕಶಟರ ಚಂದ್ರವಿಜಯ

ಕೇಳಿರಿ, ರಸಿಕಶಿಖಾಮಣಿಗಳಿರಾ! ಕಲಿಯುಗದ ಪ್ರಥಮಪಾದದಲ್ಲಿ, ಭರತಖಂಡದ ದಕ್ಷಿಣಭಾಗದಲ್ಲಿ, ಗದಗ ಪಟ್ಟಣದ ಒಂದು ಇಕ್ಕಟ್ಟಿನ ಓಣಿಯಲ್ಲಿ, ಮುದ್ರಾಪ್ರಹಾರನಿಪುಣನೂ ಪಾರ್ಸೆಲ್‌ಪರ್ವತಭಂಜನನೂ ಆದ ಅಂಚೆ ಗುಮಾಸ್ತ ಅಣ್ಣಾಜಿರಾವ್ ಡಂಬಳನೆಂಬ ಮಹಾರಥಿ ಬಾಳುತ್ತಿದ್ದನು. ಅವನ ತಾಯಿ ಅಂಬಾಬಾಯಿಯವರು ಎಂಬತ್ತು ದಾಟಿ ಸಾವಿರ ಹುಣ್ಣಿಮೆ ಕಂಡವರಾದ್ದರಿಂದ, ಬರುವ ಹುಣ್ಣಿಮೆಗೆ ಸಹಸ್ರಚಂದ್ರದರ್ಶನ ಶಾಂತಿ ನಿಶ್ಚಯವಾಗಿತ್ತು. ಅಂದು ಮಂಟಪದಲ್ಲಿ ತಾಯಿಯ ಬೆನ್ನ ಹಿಂದೆ ತೂಗುವ ಚಂದ್ರನ ಚಿತ್ರವನ್ನು ತಾನೇ ಕೈಯಾರೆ ತೆಗೆಯುವೆನೆಂದು ಆ ವೀರನು, ಬಂಧುಜನರ ಸಮಕ್ಷಮದಲ್ಲಿ, ಗಿರಮಿಟ್ಟು ತಿನ್ನುತ್ತ, ಭೀಷಣಪ್ರತಿಜ್ಞೆ ಮಾಡಿಬಿಟ್ಟಿದ್ದನು.

ಅವನ ಆಯುಧಸಂಪತ್ತನ್ನು ಏನೆಂದು ಬಣ್ಣಿಸಲಿ! ಒಂದು ಕಾಲು ಸಡಿಲಾದ ಸ್ಟ್ಯಾಂಡಿನ ಮೇಲೆ ನಿಂತ ಮೊಳದುದ್ದದ ದುರ್ಬೀನು. ಅದರ ಹಿಂತುದಿಯಲ್ಲಿ, ಕಣ್ಣಿಟ್ಟು ನೋಡುವ ಗಾಜನ್ನು ಕಳಚಿ ಸಿಕ್ಕಿಸಿದ, ಅಂಗಡಿಯಾತ "ಕಲಿಯೋರಿಗೆ ಇದು ಸಾಕ್ರೀ" ಎಂದು ಕೊಟ್ಟ ಕ್ಯಾಮೆರಾ.

ಹುಣ್ಣಿಮೆಗೆ ಎರಡೇ ದಿನ ಉಳಿದ ಸಂಜೆ ಅವನು ಮಾಳಿಗೆಯೆಂಬ ರಣಾಂಗಣವನ್ನೇರಿದನು. ಮರುದಿನ ಚಿತ್ರಕ್ಕೆ ಕಟ್ಟು ಹಾಕಿಸಬೇಕಾದ್ದರಿಂದ ಅದೇ ಕೊನೆಯ ಮುಹೂರ್ತ. ಹಿಂದೆಯೇ ಹತ್ತಿಬಂದ ಹೆಂಡತಿಯ ತಮ್ಮ ವಾದಿರಾಜನು, ಚುರುಮುರಿಯ ಪೊಟ್ಟಣ ಬಿಚ್ಚುತ್ತ ನುಡಿದನು:

"ಭಾವಾ, ಹುಬ್ಬಳ್ಳ್ಯಾಗ ನಮ್ಮ ಗೆಳ್ಯಾರು ನೂರಾರು ಫೋಟೋ ತಗದು ಕಂಪ್ಯೂಟರಿನ್ಯಾಗ ಕೂಡಿಸಿ ಒಂದ ಮಾಡ್ತಾರ. ಒಂದರಾಗ ಏನ್ ಬರ್ತದ? ನೆಟ್ಟಿನ್ಯಾಗಿಂದ ಒಂದು ಛಲೋ ಚಂದ್ರನ್ನ ಇಳಿಸಿ ಪ್ರಿಂಟ್ ಹಾಕಸ್ರಿ. ಯಾರಿಗೆ ತಿಳೀತದ?"

ಕ್ರೋಧಾರುಣನಯನನಾದ ಅಣ್ಣಾಜಿರಾಯನು, "ಎಲವೋ ಶ್ಯಾಲಕಾಧಮ! ಪರರ ಚಂದ್ರನನ್ನು ಕದ್ದು ಹೆತ್ತವಳಿಗೆ ಅರ್ಪಿಸಲೆ? ನೂರು ಬಾಣಗಳನ್ನೆಸೆದು ಒಂದು ಗುರಿ ತಾಕಿಸುವುದು ಹೇಡಿಗಳ ಲಕ್ಷಣ. ನನ್ನದು ಒಂದೇ ಶಟರು, ಒಂದೇ ಶಶಾಂಕ!" ಎಂದು ಮನಸ್ಸಿನಲ್ಲಿ ಘರ್ಜಿಸಿದನು. ಬಾಯಿಂದ ಹೊರಟದ್ದು ಮಾತ್ರ, "ನೀ ಸುಮ್ನ ಒಂದ್ ಕಡೆ ಕೂಡಪಾ, ಸ್ಟ್ಯಾಂಡ್ ಅಲುಗಾಡ್ತದ" ಎಂಬುದು.

ಆಮೇಲೆ ನಡೆಯಿತು ಘೋರಸಂಗ್ರಾಮ! ಮೊದಲು ಚಂದ್ರನು ಸುಣ್ಣ ಬಳಿದಂತೆ ಬರೀ ಬೆಳ್ಳಗೆ ಕಂಡನು. ಬೆಳಕು ತಗ್ಗಿಸಿದರೆ ಮಸುಕಾದನು. ಮಸುಕು ತಿದ್ದುವಷ್ಟರಲ್ಲಿ, ಭೂಮಂಡಲವು ತಿರುಗುವುದನ್ನು ನಿಲ್ಲಿಸದ ಕಾರಣ, ಚೌಕಟ್ಟಿನಿಂದಲೇ ಜಾರಿಹೋದನು. ಕುತ್ತಿಗೆ ಉಳುಕಿಸಿಕೊಂಡು, ಉಸಿರು ಬಿಗಿಹಿಡಿದು ಸೆಣಸಿದ ಆ ಧೀರನಿಗೆ ಕಡೆಗೂ ಚಂದ್ರನ ಅಂಚಿನ ಗುಳಿಗಳು ಗೆರೆ ಕೊರೆದಂತೆ ನಿಚ್ಚಳವಾಗಿ ಮೂಡಿದವು. ಅಷ್ಟರಲ್ಲೇ ಕಪ್ಪತಗುಡ್ಡದ ಕಡೆಯಿಂದ ಮೇಘಸೇನೆ ಏರಿಬರತೊಡಗಿತು. ಬೆರಳು ಗುಂಡಿಯ ಮೇಲೆ ನಿಂತಿತು.

"ಅಣ್ಣ್ಯಾ, ನನಗೊಂದೀಟು ತೋರ್ಸಪಾ."

ಗೋಡೆ ಹಿಡಿದು ಮೆಟ್ಟಿಲೇರಿ ಅಂಬಾಬಾಯಿಯವರು ಬಂದಿದ್ದರು.

"ಅವ್ವಾ, ಮೋಡ ಬರ್ಲಿಕತ್ತದ. ಇದೊಂದು ಫೋಟೋ ಆಗ್ಲಿ. ನಾಳೆ ದೊಡ್ಡದು ಮಾಡಿ ತೋರಸ್ತೀನಿ."

"ಫೋಟೋ ಹ್ಯಾಂಗೂ ನೋಡ್ತೀನಿ. ಖರೇ ಚಂದ್ರನ್ನ ತೋರ್ಸು."

ಕ್ಯಾಮೆರಾ ಕಳಚದೆ ತೋರಿಸುವಂತಿಲ್ಲ. ಕಳಚಿದರೆ ಅಷ್ಟು ಹೊತ್ತು ಕಾದಾಡಿ ಗಳಿಸಿದ ನಿಚ್ಚಳವೆಲ್ಲ ನೀರುಪಾಲು. ಮಹಾರಥಿಯು ಮೋಡವನ್ನೊಮ್ಮೆ, ತಾಯಿಯನ್ನೊಮ್ಮೆ ನೋಡಿದನು. ಆಮೇಲೆ ಕ್ಯಾಮೆರಾವನ್ನು ಕಳಚಿ ವಾದಿರಾಜನ ಮಡಿಲಿಗಿಟ್ಟು, ಕಣ್ಣಿಡುವ ಗಾಜನ್ನು ಮತ್ತೆ ಸಿಕ್ಕಿಸಿದನು.

ಅಂಬಾಬಾಯಿಯವರು ಬಾಗಿ ಕಣ್ಣಿಟ್ಟರು. ಮಗನ ಮಣಿಕಟ್ಟನ್ನು ಹಿಡಿದ ಕೈ ಬಿಗಿಯಾಯಿತು.

"ಅಯ್ಯ, ಪಾಪ! ಮಾರಿ ತುಂಬ ಕಲಿ ಅದಾವಲ್ಲೋ. ಸಣ್ಣವಿದ್ದಾಗ ಮೈಲಿ-ಸಿಡುಬು ಎದ್ದಿತ್ತೇನು ಇವಗ?"

"ಎದ್ದಿರಬೇಕವ್ವಾ."

"ನೋಡ್ಕೊಳ್ಳಿಕ್ಕೆ ಯಾರೂ ಇರ್ಲಿಲ್ಲ ಕಾಣಸ್ತದ."

ಚಂದ್ರನು ಜಾರಿದಂತೆಲ್ಲ ಮಗನು ದುರ್ಬೀನನ್ನು ಕೂದಲೆಳೆಯಷ್ಟು ಸರಿಸಿಕೊಟ್ಟನು. ತಾಯಿ ಮತ್ತೆ ಮತ್ತೆ ನೋಡಿದರು. "ಇಷ್ಟು ವರ್ಷ ಕೈ ಮುಗದೆ, ಹಿಂಗದಾನ ಅಂತ ಗೊತ್ತೇ ಇರ್ಲಿಲ್ಲ" ಎಂದು ಅವರು ಕಣ್ಣೊರೆಸಿಕೊಂಡು ಹಿಂದೆ ಸರಿಯುವಾಗ ಮೋಡವು ಅರ್ಧ ಚಂದ್ರನನ್ನು ನುಂಗಿತ್ತು. ಅಣ್ಣಾಜಿರಾಯನು ತರಾತುರಿಯಲ್ಲಿ ಗಾಜು ಕಳಚಿ ಕ್ಯಾಮೆರಾ ಸಿಕ್ಕಿಸಿ, ಕುಲದೈವವನ್ನು ನೆನೆದು, ಗುಂಡಿ ಅದುಮಿದನು. ದಿಗಂತಗಳು ಕಂಪಿಸಿದವೋ ಇಲ್ಲವೋ, ಸ್ಟ್ಯಾಂಡಂತೂ ಕಂಪಿಸಿತು. ಚಂದ್ರನು ಮರೆಯಾದನು.

ಕ್ಯಾಮೆರಾದ ಪರದೆಯನ್ನು ನೋಡಿದ ವಾದಿರಾಜನು ಬಾಯಿಗೆ ಒಯ್ದ ಚುರುಮುರಿಯನ್ನು ಅಲ್ಲೇ ನಿಲ್ಲಿಸಿದನು. "ಭಾವಾ, ನೆಟ್ಟಿನ್ಯಾಗಿಂದ ಇಳಸ್ಲೇನು?" ಎಂದು ಬಹಳ ಮೆತ್ತಗೆ ಕೇಳಿದನು.

"ಬ್ಯಾಡ. ಇದ ಇರ್ಲಿ."

ಹೀಗೆ ಕೃತಪ್ರತಿಜ್ಞನಾದ, ಚಂದ್ರಬಂಧನಚತುರನಾದ, ಶ್ಯಾಲಕಗರ್ವಭಂಜನನಾದ ಅಣ್ಣಾಜಿರಾಯನು ಮರುದಿನ ಬೆಳಿಗ್ಗೆ ಪ್ರಿಂಟು ಹಾಕಿಸಿದ ತನ್ನ ವಿಜಯಪತ್ರವನ್ನು ಕಟ್ಟು ಹಾಕುವವನ ಮುಂದಿಟ್ಟನು. ಕಟ್ಟಿನವನು ಅದನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸಿದನು. ಬೆಳಕಿಗೆ ಹಿಡಿದು ನೋಡಿದನು.

"ರಾಯರ, ಇದರಾಗ ಮ್ಯಾಲಿನ ಕಡೆ ಯಾವುದ್ರೀ?"

ವೀರನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಪರಿಶೀಲಿಸಿದನು.

"ಹ್ಯಾಂಗ ಹಾಕಿದ್ರೂ ನಡೀತದಪಾ."