ಫೈಲ್ ಮ್ಯಾನೇಜರ್ ಮೇಡಂ

ವೆಬ್‌ಸೈಟ್ ಮಾಡಿಕೊಡುವುದೇನೂ ಕಷ್ಟವಲ್ಲ. ಅದನ್ನು ಗಿರಾಕಿಯ ಕೈಗೆ ಒಪ್ಪಿಸಿದ ಮೇಲೆ ಶುರುವಾಗುತ್ತೆ ನೋಡಿ ಮಜಾ. ಫೋನ್ ಎತ್ತಿದರೆ ಒಂದಲ್ಲ ಒಂದು ಕತೆ.

ಸೈಬರ್ ಸೆಂಟರುಗಳು ಗಲ್ಲಿಗೊಂದಿದ್ದ ಕಾಲ ಅದು. ವಿಜಯನಗರದಲ್ಲಿ ಒಂದು ಮೆಡಿಕಲ್ ಸ್ಟೋರಿನ ಮೇಲೆ ನಮ್ಮ ಆಫೀಸು. ಸುತ್ತಮುತ್ತಲ ಅಂಗಡಿ, ಕ್ಲಾಸು, ಛತ್ರದವರಿಗೆಲ್ಲ ವೆಬ್‌ಸೈಟ್ ಮಾಡಿಕೊಡುತ್ತಿದ್ದೆವು. ಅವುಗಳ ಫೈಲುಗಳು ಇರುತ್ತಿದ್ದದ್ದು ದೂರದೇಶದ ಯಾವುದೋ ಯುನಿಕ್ಸ್ ಸರ್ವರ್ ಅನ್ನೋ ದೊಡ್ಡ ಕಂಪ್ಯೂಟರಿನಲ್ಲಿ. ಆದರೆ ಬ್ರೌಸರಿನಲ್ಲಿ 'ಫೈಲ್ ಮ್ಯಾನೇಜರ್' ಅನ್ನೋ ಪುಟ ತೆರೆದರೆ ಸಾಕು, ಇಲ್ಲೇ ಕೂತು ಅಲ್ಲಿ ಫೈಲು ಹಾಕಬಹುದು, ಅಳಿಸಬಹುದು, ಹೆಸರು ಬದಲಿಸಬಹುದು. ಅದನ್ನು ಗಿರಾಕಿಗಳಿಗೆ ಕಲಿಸೋದು ನನ್ನ ಕೆಲಸ. ಕಲಿತವರಲ್ಲಿ ಅರ್ಧ ಜನ ಫೈಲ್ ಮ್ಯಾನೇಜರ್ ಅಂದರೆ ನಾನೇ ಅಂದುಕೊಂಡಿದ್ದರು. "ಹಲೋ, ಫೈಲ್ ಮ್ಯಾನೇಜರ್ ಮೇಡಮ್ಮಾ?" ಅಂತಲೇ ಫೋನು ಮಾಡೋರು.

ಮನೆಗೇ ಬನ್ನಿ

ಕಾಮಾಕ್ಷಿಪಾಳ್ಯದಲ್ಲಿ ಮಕ್ಕಳ ಫ್ರಾಕು ಹೊಲಿಸುವ ಒಬ್ಬರಿದ್ದರು. ಹೊಸ ಡಿಸೈನುಗಳ ಫೋಟೋ ತಾವೇ ಸೈಟಿಗೆ ಸೇರಿಸಿ ಬಲು ಖುಷಿಯಲ್ಲಿದ್ದರು. ಮಾರನೇ ದಿನ ಫೋನು.

"ನನಗೆ ಫೋಟೋ ಚೆನ್ನಾಗೇ ಕಾಣ್ತಿದೆ ಮೇಡಂ. ಹುಬ್ಬಳ್ಳಿ ಅಂಗಡಿಯವ್ರಿಗೆ ಮಾತ್ರ ಕಾಣ್ತಿಲ್ಲವಂತೆ. ಅವ್ರ ಕಂಪ್ಯೂಟರೇ ಕೆಟ್ಟಿರ್ಬೇಕು."

ನಾನು ತೆರೆದು ನೋಡಿದೆ. ನನಗೂ ಕಾಣಲಿಲ್ಲ. ಪುಟದಲ್ಲಿ ಫೋಟೋದ ವಿಳಾಸ ಅಂತ ಅವರದೇ ಕಂಪ್ಯೂಟರಿನ ಸಿ ಡ್ರೈವ್ ಬರೆದಿತ್ತು.

"ಸಾರ್, ಫೋಟೋಗಳನ್ನ ನೀವು ಸರ್ವರ್‌ಗೆ ಕಳಿಸೇ ಇಲ್ಲ. ನಿಮ್ಮನೆ ಕಂಪ್ಯೂಟರಲ್ಲೇ ಉಳಿದಿವೆ. ಅದಕ್ಕೇ ನಿಮಗೊಬ್ಬರಿಗೇ ಕಾಣೋದು."

"ಅಂದ್ರೆ ಫೋಟೋ ನೋಡೋಕೆ ಹುಬ್ಬಳ್ಳಿಯವ್ರು ನಮ್ಮನೆಗೇ ಬರ್ಬೇಕು?"

"ಸದ್ಯಕ್ಕೆ ಹಾಗೇ ಸಾರ್."

"ಒಳ್ಳೇದೇ ಆಯ್ತು ಬಿಡಿ. ಬಂದ್ರೆ ಬಟ್ಟೇನೂ ಮುಟ್ಟಿ ನೋಡ್ಬೋದಲ್ಲ!"

ಪಬ್ಲಿಕ್ ಯಾಕೆ?

ಆರ್‌ಪಿಸಿ ಲೇಔಟಿನ ಆಂಟಿಯೊಬ್ಬರು ಹೆಂಗಸರಿಗೆ ಅಡುಗೆ ಕ್ಲಾಸು ನಡೆಸುತ್ತಿದ್ದರು. ಒಂದು ದಿನ ಅವರ ಸೈಟು ಇದ್ದಕ್ಕಿದ್ದಂತೆ ಮಾಯ. ಫೈಲ್ ಮ್ಯಾನೇಜರ್ ತೆರೆದು ಹುಡುಕಿದೆ. ಸೈಟಿನ ಫೈಲುಗಳೆಲ್ಲ ಇರಬೇಕಾದ 'ಪಬ್ಲಿಕ್' ಅನ್ನೋ ಫೋಲ್ಡರೇ ಇರಲಿಲ್ಲ. ಅದರ ಜಾಗದಲ್ಲಿ 'ಲೇಡೀಸ್ ಓನ್ಲಿ' ಅನ್ನೋ ಫೋಲ್ಡರೊಂದು ಗಂಭೀರವಾಗಿ ಕೂತಿತ್ತು.

"ಆಂಟಿ, ಹೆಸರು ಬದಲಾಯಿಸಿದ್ದು ನೀವೇನಾ?"

"ಹೂಂ ಕಣೇ. ಪಬ್ಲಿಕ್ ಅಂತ ಇದ್ದದ್ದು ನೋಡಿ ನನ್ನ ಎದೆ ಧಸಕ್ ಅಂತು. ಬರೀ ಹೆಂಗಸರಿಗೆ ಅಂತ ಬಾಗಿಲಲ್ಲೇ ಬೋರ್ಡ್ ಹಾಕಿದೀನಿ. ಒಳಗೆ ನೋಡಿದ್ರೆ ಪಬ್ಲಿಕ್ಕಾ?"

ಆ ಹೆಸರಿನ ಫೋಲ್ಡರಿನಲ್ಲಿ ಇದ್ದದ್ದನ್ನು ಮಾತ್ರ ಸರ್ವರು ಹೊರಗಿನವರಿಗೆ ತೋರಿಸೋದು ಅಂತ ವಿವರಿಸಿದೆ. ಆಂಟಿ ದನಿ ತಗ್ಗಿಸಿದರು.

"ಹಾಗಾದ್ರೆ ಗಂಡಸರೂ ನೋಡ್ತಾರಾ?"

"ನೋಡ್ತಾರೆ ಆಂಟಿ. ಯಾರು ಬೇಕಾದ್ರೂ ನೋಡ್ಬೋದು."

"ಹಂಗಾದ್ರೆ ಸ್ವಲ್ಪ ತಡಿ. ಆ ಮೊದಲನೇ ಪುಟದಲ್ಲಿ ಇರೋ ನನ್ನ ಫೋಟೋ ತೆಗೆದುಬಿಡು. ಚೆನ್ನಾಗಿರೋದು ಒಂದು ಕಳಿಸ್ತೀನಿ."

ಸರ್ವರಿನ ಗ್ರಹಚಾರ

ಬಸವೇಶ್ವರನಗರದ ಜ್ಯೋತಿಷಿಯೊಬ್ಬರ ಸೈಟೂ ಹೀಗೇ ನಿಂತುಹೋಯಿತು. ಮೊದಲನೇ ಪುಟದ ಫೈಲಿಗೆ 'ಇಂಡೆಕ್ಸ್ ಡಾಟ್ ಎಚ್‌ಟಿಎಂ' ಅಂತಲೇ ಹೆಸರಿರಬೇಕು. ಅದರಲ್ಲಿ ಒಂದು ಇಂಗ್ಲಿಷ್ ಅಕ್ಷರ ಹೆಚ್ಚಿಗೆ ಸೇರಿಕೊಂಡಿತ್ತು.

"ಕೈ ತಪ್ಪಿ ಬಿದ್ದಿದ್ದಲ್ಲ, ನಾನೇ ಹಾಕಿದ್ದು," ಅಂದರು. "ಅಕ್ಷರ ಎಣಿಸಿದ್ರೆ ಎಂಟು ಬರ್ತಿತ್ತು. ಎಂಟು ಅಂದ್ರೆ ಶನಿ! ಈಗ ನೋಡಿ, ಲಕ್ಷಣವಾಗಿ ಒಂಬತ್ತು."

"ಆದ್ರೆ ಗುರುಗಳೇ, ಹಳೇ ಹೆಸರೇ ಇರ್ಬೇಕು ಅಂತ ಸರ್ವರ್ ಹಟ ಮಾಡ್ತಿದೆಯಲ್ಲಾ."

"ಹಟ ಮಾಡುತ್ತಾ?" ಅವರ ದನಿಯಲ್ಲಿ ನಿಜವಾದ ಕಾಳಜಿಯಿತ್ತು. "ಆ ಸರ್ವರನ್ನ ಯಾವತ್ತು, ಎಷ್ಟು ಗಂಟೆಗೆ ಶುರು ಮಾಡಿದ್ರು ಅಂತ ಸ್ವಲ್ಪ ವಿಚಾರಿಸಿ ಹೇಳಿ. ಜಾತಕ ನೋಡ್ಬಿಡ್ತೀನಿ."

ಅಮೆರಿಕದ ಸೈಟು

ಮಲ್ಲತ್ತಹಳ್ಳಿಯ ಯಜಮಾನರೊಬ್ಬರು ಕಲ್ಯಾಣ ಮಂಟಪ ಕಟ್ಟಿಸಿದ್ದರು. ಅವರಿಗೆ ವೆಬ್‌ಸೈಟ್ ಮಾಡಿಕೊಟ್ಟ ದಿನ, "ಈಗ ನಮ್ಮ ಸೈಟ್ ಎಲ್ಲೈತೆ ಮೇಡಂ?" ಅಂತ ಕೇಳಿದರು. "ಅಮೆರಿಕದಲ್ಲಿ ಸಾರ್," ಅಂದೆ. ಖುಷಿಯಾಗಿ ಹೋದರು. ದಾರಿಯುದ್ದಕ್ಕೂ ಸಿಕ್ಕಸಿಕ್ಕವರಿಗೆ ಹೇಳಿಕೊಂಡೇ ಹೋಗಿರಬೇಕು.

ಸ್ವಲ್ಪ ದಿನಕ್ಕೆ ಅವರ ತಮ್ಮ, ವಯಸ್ಸಾದ ತಾಯಿಯನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿಕೊಂಡು ನಮ್ಮ ಆಫೀಸಿಗೆ ಬಂದ. ಮುಖ ಕೆಂಪಗಿತ್ತು. ಜಮೀನು ಭಾಗ ಆದಾಗಿನಿಂದ ಅಣ್ಣ ತಮ್ಮಂದಿರಿಗೆ ಮಾತಿರಲಿಲ್ಲವಂತೆ.

"ನಮ್ಮಣ್ಣ ಅಮೆರಿಕದಾಗೆ ಸೈಟ್ ಮಾಡವ್ನಂತೆ. ನೀವೇ ಮಾಡಿಕೊಟ್ರಂತೆ. ಭಾಗದ ಟೈಮಲ್ಲಿ ಅದನ್ನ ತೋರಿಸ್ಲೇ ಇಲ್ಲ ಅವ್ನು. ನನಗೆ ಅರ್ಧ ಬರ್ಬೇಕು!"

ನಗು ನುಂಗಿಕೊಂಡು, ಕುರ್ಚಿ ಎಳೆದು ಕೂರಿಸಿ, ಬ್ರೌಸರಿನಲ್ಲಿ ಫೈಲ್ ಮ್ಯಾನೇಜರ್ ತೆರೆದು ತೋರಿಸಿದೆ. "ಇದೇ ಅಣ್ಣ, ನಿಮ್ಮಣ್ಣನ ಸೈಟು."

ಆತ ಸ್ಕ್ರೀನನ್ನು ದಿಟ್ಟಿಸಿದ. "ಅಳತೆ ಎಷ್ಟು?"

"ನೂರು ಎಂಬಿ."

"ಥರ್ಟಿ ಫಾರ್ಟಿಗಿಂತ ದೊಡ್ಡದಾ?"

ನನ್ನಿಂದಾಗಲಿಲ್ಲ. ಯಜಮಾನರಿಗೇ ಫೋನ್ ಮಾಡಿ ಕರೆಸಿದೆ. ಅವರು ಜಗಳಕ್ಕೆ ಸಿದ್ಧರಾಗಿಯೇ ಬಂದರು. ವಿಷಯ ಕೇಳಿದ್ದೇ ತಡ, ಹೊಟ್ಟೆ ಹಿಡಿದುಕೊಂಡು ನಕ್ಕು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಅಣ್ಣ ನಗೋದು ನೋಡಿ ತಮ್ಮನಿಗೂ ತುಟಿ ಬಿಗಿಹಿಡಿಯೋಕೆ ಆಗಲಿಲ್ಲ. ಆದರೂ ಪಟ್ಟು ಸಡಿಲಿಸಲಿಲ್ಲ: "ಏನಾದ್ರೂ ಆಗಿರ್ಲಿ, ಅದ್ರಾಗೂ ನಂಗೆ ಭಾಗ ಬೇಕು."

"ಕೊಡಿ ಮೇಡಂ," ಅಂದರು ಅಣ್ಣ, ಕಣ್ಣೊರೆಸಿಕೊಳ್ಳುತ್ತಾ. "ಅವ್ನಿಗೂ ಒಂದು ಜಾಗ ಮಾಡಿಕೊಡಿ."

ತಮ್ಮನದು ಶಾಮಿಯಾನದ ವ್ಯಾಪಾರ. ಅವರ ಕಣ್ಣೆದುರೇ ಅವನ ಹೆಸರಲ್ಲೊಂದು ಫೋಲ್ಡರು ಮಾಡಿ, ಶಾಮಿಯಾನಕ್ಕೆ ಅಂತ ಒಂದು ಪುಟ ಹಾಕಿದೆ. ಮಂಟಪದ ಪುಟದಿಂದ ಅದಕ್ಕೊಂದು ದಾರಿಯನ್ನೂ ಬಿಟ್ಟೆ. ಕಾಫಿ ಬಂತು. ಅಣ್ಣ ತಮ್ಮ ಒಂದೇ ಬೆಂಚಿನಲ್ಲಿ ಕೂತು ಮದುವೆ ಸೀಸನ್ನಿನ ಮಾತಿಗಿಳಿದರು.

ಅಷ್ಟು ಹೊತ್ತೂ ಸ್ಕ್ರೀನನ್ನೇ ನೋಡುತ್ತಿದ್ದ ತಾಯಿ ಮೆಲ್ಲಗೆ ನನ್ನ ಕೈ ಹಿಡಿದುಕೊಂಡರು.

"ಎಲ್ಲಾ ಸರಿ ಕಣವ್ವಾ. ಸುತ್ತ ಕಾಂಪೌಂಡ್ ಹಾಕ್ಸಿದ್ಯಾ? ದೂರದ ಜಾಗ. ಯಾರಾದ್ರೂ ಒತ್ತುವರಿ ಮಾಡ್ಕಂಡ್ರೆ, ನಮ್ಮ ಹುಡುಗ್ರು ಇಲ್ಲಿಂದ ಬಸ್ ಹತ್ಕಂಡು ಹೋಗಿ ಬಿಡಿಸ್ಕಂಡು ಬರಕ್ಕಾಯ್ತದಾ?"