ಬಕೆಟ್ಟಿನ ಹಿಂದೆ ಉಳಿದ ನೂಲುಂಡೆ

ತೊಂದರೆ ಶುರುವಾದದ್ದು ಬಚ್ಚಲಮನೆಯಲ್ಲಿ.

"ರೀ, ನೀರು ಸುರೀತಿರೋ ಸದ್ದು ಕೇಳಿಸ್ತಿದೆ, ನೀವು ಸ್ನಾನ ಮಾಡ್ತಿರೋ ಸದ್ದು ಮಾತ್ರ ಕೇಳಿಸ್ತಿಲ್ಲ. ಒಳಗೇ ನಿದ್ದೆ ಹೋದ್ರಾ ಹೇಗೆ?" ಎಂದು ಹೆಂಡತಿ ಬಾಗಿಲು ಬಡಿದಳು.

"ಬಂದೆ, ಬಂದೆ. ಸೋಪು ಜಾರಿಬಿಡ್ತು."

ಸೋಪು ಒಣಗಿದ ಕಲ್ಲಿನ ಹಾಗೆ ಗೂಡಿನಲ್ಲೇ ಕೂತಿತ್ತು. ನಲ್ಲಿ ತಿರುಗಿಸಿಟ್ಟು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ನಕ್ಷೆಗಾರ ಹಳದಿ ಉಲ್ಲನ್ನಿನಲ್ಲಿ ಟೊಪ್ಪಿ ಹೆಣೆಯುತ್ತಿದ್ದ. ಊರಿಗೆಲ್ಲ ನೀರು ಹಂಚುವ ಕಚೇರಿಯಲ್ಲಿ ಕೊಳವೆಗಳ ನಕ್ಷೆ ಬರೆಯುವ ಮನುಷ್ಯ ಹೀಗೆ ನೀರು ಪೋಲು ಮಾಡುವುದೆಂದರೆ ಅವನಿಗೂ ನಾಚಿಕೆಯೇ. ಆದರೆ ದೊಡ್ಡ ಮೀಸೆ ಹೊತ್ತ ಗಂಡಸು, ತುದಿ ಬಾಗಿದ ಪುಟ್ಟ ಕ್ರೋಶಾ ಕಡ್ಡಿ ಹಿಡಿದು ಕೂತದ್ದನ್ನು ಯಾರಾದರೂ ನೋಡಿಬಿಟ್ಟರೆ? ಆ ನಾಚಿಕೆಯ ಮುಂದೆ ಈ ನಾಚಿಕೆ ಏನೂ ಅಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಈ ಹುಚ್ಚು ಹಿಡಿದದ್ದಕ್ಕೂ ಒಂದು ಕಾರಣವಿತ್ತು. ಕಚೇರಿಯಲ್ಲಿ ಅವನ ಮೇಲಧಿಕಾರಿಗೆ ಎಲ್ಲರೂ ಇಟ್ಟ ಹೆಸರು 'ಮತ್ತೊಮ್ಮೆ ಸಾಹೇಬರು'. ಎಂಥ ನಕ್ಷೆ ಬರೆದುಕೊಟ್ಟರೂ ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿ, ಹರಿದುಹಾಕಿ, "ಮತ್ತೊಮ್ಮೆ" ಅನ್ನುವುದೇ ಅವರ ಕೆಲಸ. ತಲೆ ನರೆಯುವ ತನಕ ಆ ಮಾತು ಕೇಳಿದ ನಕ್ಷೆಗಾರನಿಗೆ, ಯಾರೂ ತಿದ್ದದ ಒಂದೇ ಒಂದು ಕೆಲಸವನ್ನು ತನ್ನ ಕೈಯಾರೆ ಮಾಡಬೇಕು ಅನ್ನಿಸಿತ್ತು. ಅಷ್ಟರಲ್ಲಿ ಮಗಳಿಗೆ ಹೆಣ್ಣುಮಗು ಹುಟ್ಟಿತು. ಮೊದಲ ಮೊಮ್ಮಗಳು. ನಾಳೆ ಬೆಳಿಗ್ಗೆ ಮಗಳು ಕೂಸನ್ನು ಎತ್ತಿಕೊಂಡು ಬರುವವಳು. ಬಂದೊಡನೆ ಆ ಬೋಳುತಲೆಗೆ ಟೊಪ್ಪಿ ಇಟ್ಟು, "ತಾತ ಹೆಣೆದದ್ದು ಕಣಮ್ಮಾ" ಅನ್ನಬೇಕು. ಮನೆಯವರ ಮುಂದೆ, ಬಾಗಿಲು ಹಾಕಿಕೊಂಡು, ಒಂದು ಸಲ ಅಂದರೆ ಸಾಕು. ಆಮೇಲೆ ಕಡ್ಡಿಯನ್ನು ಬೇಕಾದರೆ ಎಸೆದುಬಿಡಬಹುದು.

ಕಲಿಸಿದವಳು ನೂಲಂಗಡಿಯ ಅಜ್ಜಿ. ಮೊದಲ ದಿನ "ನನ್ನ ಹೆಂಡತಿಗೆ ಬೇಕಿತ್ತು" ಎಂದು ತೊದಲಿದಾಗ ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕಿದ್ದಳು.

"ಇಲ್ಲಿಗೆ ಬರೋ ಗಂಡಸರೆಲ್ಲ ಹೆಂಡತಿಗೇ ಕೊಳ್ಳೋದು ಕಣಪ್ಪ. ಆಮೇಲೆ ಹಿಂದಿನ ಕೋಣೇಲಿ ಕೂತು ತಾವೇ ಕಲೀತಾರೆ. ಬಾ, ನಾಚ್ಕೋಬೇಡ."

ನಾಚಿಕೊಂಡೇ ಕಲಿತ. ಮೊದಲು ಹೆಣೆದ ಚೌಕ ತಾನಾಗಿಯೇ ತ್ರಿಕೋನವಾಯಿತು. ಸುತ್ತು ಸುತ್ತಾಗಿ ಹೆಣೆದ ಚಕ್ಕೆ ಕಿವಿ ಮುದುರಿದ ನಾಯಿಮರಿಯ ಹಾಗೆ ಸುರುಟಿಕೊಂಡಿತು. ಈ ಟೊಪ್ಪಿ ಮಾತ್ರ ಟೊಪ್ಪಿಯಂತೆಯೇ ಕಾಣುತ್ತಿತ್ತು. ನೆತ್ತಿಯಿಂದ ಶುರುಮಾಡಿ ಕಿವಿಯ ತನಕ ಬಂದಾಗಿತ್ತು, ಇನ್ನು ಅಂಚೊಂದೇ ಬಾಕಿ.

"ರೀ!"

ಗಾಬರಿಯಲ್ಲಿ ಟೊಪ್ಪಿ, ಕಡ್ಡಿ ಎರಡನ್ನೂ ಕಚೇರಿಯ ಚೀಲಕ್ಕೆ ತುರುಕಿ, ತಲೆಗೆ ಎರಡು ಚೊಂಬು ನೀರು ಹೊಯ್ದುಕೊಂಡು ಹೊರಬಿದ್ದ. ತುರುಕುವಾಗ ಕಡ್ಡಿ ಕುಣಿಕೆಯಿಂದ ಕಳಚಿಕೊಂಡದ್ದನ್ನೂ, ನೂಲುಂಡೆ ಬಕೆಟ್ಟಿನ ಹಿಂದಕ್ಕೆ ಉರುಳಿದ್ದನ್ನೂ ಅವನು ನೋಡಲಿಲ್ಲ. ಚೀಲದ ಜಿಪ್ಪು ಕೆಟ್ಟು, ಅದು ಸದಾ ಅರ್ಧ ಬಾಯಿ ತೆರೆದೇ ಇರುತ್ತಿತ್ತು.

ಕ್ರೋಶಾದ ಗುಣವೇ ಅಂಥದ್ದು. ಇಡೀ ಹೆಣಿಗೆ ನಿಂತಿರುವುದು ಕೊನೆಯ ಒಂದೇ ಒಂದು ಕುಣಿಕೆಯ ಮೇಲೆ. ಅದು ಕಳಚಿ ಯಾರಾದರೂ ನೂಲು ಜಗ್ಗಿದರೆ, ದಿನಗಟ್ಟಲೆ ಹೆಣೆದದ್ದು ಸರಸರನೆ ಹಿಂದಕ್ಕೆ ಹೋಗುತ್ತದೆ. ಕಚೇರಿ ಎರಡು ಬೀದಿ ಆಚೆ. ನಕ್ಷೆಗಾರ ಬೀದಿಗಿಳಿದ. ಉಂಡೆ ಒಂದಿಷ್ಟು ದೂರ ಬಿಚ್ಚಿಕೊಂಡಿತು, ಆಮೇಲೆ ಬಕೆಟ್ಟಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತು. ಅಲ್ಲಿಂದ ಮುಂದೆ ಅವನು ಇಟ್ಟ ಒಂದೊಂದು ಹೆಜ್ಜೆಗೂ ಬಿಚ್ಚಿಕೊಂಡದ್ದು ಟೊಪ್ಪಿ.

ಎದುರುಮನೆಯ ನರ್ಸಮ್ಮ ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾದ ಮೇಲೆ ಇಡೀ ಬೀದಿಯ ನಾಡಿ ಹಿಡಿದು ಕೂತವಳು. ನಕ್ಷೆಗಾರನ ಹೊಸ್ತಿಲಿನಿಂದ ಹಳದಿ ದಾರ ಹೊರಟು ದೀಪದ ಕಂಬ ಬಳಸಿ ಮೂಲೆ ತಿರುಗಿದ್ದನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ. ಹೊಸ್ತಿಲ ಬಳಿ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ, ಕೈಗೆ ಸುತ್ತಿಕೊಳ್ಳುತ್ತ ಹೊರಟಳು. ಮೂಲೆಯಲ್ಲಿ ಕ್ಷೌರದವನು ಕತ್ತರಿ ಹಿಡಿದೇ ಜೊತೆಯಾದ. ಅವನ ಹಿಂದೆ, ಅರ್ಧ ಕೆನ್ನೆಗೆ ಸೋಪು ಬಳಿದುಕೊಂಡಿದ್ದ ಗಿರಾಕಿ.

"ಎಲ್ಲಿಗೆ ಹೋಗುತ್ತಮ್ಮ ಇದು?"

"ಗೊತ್ತಿಲ್ಲ ಕಣೋ. ಮುಗಿಯೋ ತನಕ ಬಿಡಲ್ಲ ನಾನು."

ಕಚೇರಿಯಲ್ಲಿ ಆಗ ಮತ್ತೊಮ್ಮೆ ಸಾಹೇಬರು ನಕ್ಷೆಗಾರನ ಮೇಜಿನ ಬಳಿ ನಿಂತು ಹೊಸ ನಕ್ಷೆ ನೋಡುತ್ತಿದ್ದರು. ಕನ್ನಡಕ ಮೂಗಿನ ತುದಿಗೆ ಇಳಿದಿತ್ತು.

"ಈ ಕೊಳವೆ ಇಲ್ಲಿ ತಿರುಗೋದು ಸ್ವಲ್ಪ..." ಎಂದು ಅವರು ಶುರುಮಾಡಿದರು. ಮೇಜಿನ ಕೆಳಗಿದ್ದ ಚೀಲ ತಾನಾಗಿಯೇ ಬಾಗಿಲ ಕಡೆಗೆ ತೆವಳಿತು.

ಬಾಗಿಲಲ್ಲಿ ನರ್ಸಮ್ಮ, ಅವಳ ಬೆನ್ನಿಗೆ ಕ್ಷೌರದವನು ಮತ್ತು ಸೋಪು ಬಳಿದ ಗಿರಾಕಿ. ಅವಳ ಕೈಯಲ್ಲಿ ಕುಂಬಳಕಾಯಿ ಗಾತ್ರದ ಹಳದಿ ಉಂಡೆ. ಅವಳು ಇನ್ನೊಮ್ಮೆ ಜಗ್ಗಿದಳು. ಚೀಲದ ಬಾಯಿಂದ ಕಡ್ಡಿ ಟಣ್ಣನೆ ನೆಲಕ್ಕೆ ಬಿತ್ತು, ಅದರ ಹಿಂದೆಯೇ ಟೊಪ್ಪಿಯ ಉಳಿದ ಭಾಗ, ಅಂದರೆ ನೆತ್ತಿಯ ಚಕ್ಕೆ, ತಟ್ಟೆಯ ಹಾಗೆ ಸುತ್ತಿ ಸುತ್ತಿ ಸಾಹೇಬರ ಬೂಟಿನ ಮೇಲೆ ಹೋಗಿ ಮಲಗಿತು.

ಇಡೀ ಕಚೇರಿ ಎದ್ದು ನಿಂತಿತು.

"ಏನ್ರೀ ಇದು?" ಎಂದರು ಸಾಹೇಬರು.

ನಕ್ಷೆಗಾರನ ಕಿವಿ ಕಾದ ಬಾಣಲೆಯಾಯಿತು. 'ನಾನು ಹೆಣೆದದ್ದು ಸಾರ್' ಎಂಬ ಮಾತು ಗಂಟಲ ತನಕ ಬಂತು, ಅಲ್ಲಿ ಸೋಪು ಬಳಿದ ಗಿರಾಕಿಯ ಮುಖ ನೋಡಿತು, ಹಿಂದಕ್ಕೆ ಹೋಯಿತು.

"ಅದು... ನನ್ನ ಹೆಂಡತೀದು ಸಾರ್. ಅವಳು ಹೆಣೀತಾಳೆ."

"ಆಯಮ್ಮನಾ?" ನರ್ಸಮ್ಮ ಹುಬ್ಬೇರಿಸಿದಳು. "ಹೋದ ತಿಂಗಳು ನಿಮ್ಮ ಅಂಗಿ ಗುಂಡಿ ನಾನು ಹಾಕಿಕೊಟ್ಟೆನಲ್ಲಣ್ಣ!"

"ಈಗ ಕಲಿತಿದ್ದಾಳೆ. ಗುಟ್ಟಾಗಿ. ಯಾರಿಗೂ ಹೇಳಬೇಡಿ ಅಂದಿದ್ಲು."

ಯಾರಿಗೂ ಹೇಳಬೇಡಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನರ್ಸಮ್ಮ ಉಂಡೆಯನ್ನು ಮೇಜಿನ ಮೇಲಿಟ್ಟು ಮಾಯವಾದಳು. ಸಾಹೇಬರು ಮಾತ್ರ ಚಕ್ಕೆಯನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುವಿ ನೋಡಿದರು.

"ನಮ್ಮ ಮನೆಯವರೂ ಹೆಣೀತಾರೆ. ಇದರಲ್ಲಿ ಏನೋ ಹೆಚ್ಚುಕಡಿಮೆ ಇದೆ ಅನ್ಸುತ್ತೆ, ನನಗೇನೂ ಗೊತ್ತಾಗಲ್ಲ ಬಿಡಿ. ಸಂಜೆ ಅವರನ್ನ ಕರ್ಕೊಂಡು ಬರ್ತೀನಿ. ಇಬ್ಬರೂ ಕೂತು ನೋಡ್ಲಿ."

"ಅಯ್ಯೋ, ನಿಮಗ್ಯಾಕೆ ತೊಂದರೆ ಸಾರ್..."

"ತೊಂದರೆ ಏನಿಲ್ಲ. ಮತ್ತೆ, ಈ ನಕ್ಷೆ ಇನ್ನೊಂದು ಸಲ ಬರೀರಿ."

ನಕ್ಷೆಗಾರ ತಲೆನೋವೆಂದು ಅರ್ಧ ದಿನ ರಜೆ ಹಾಕಿ, ಚಕ್ಕೆ, ಉಂಡೆ, ಕಡ್ಡಿ ಎಲ್ಲ ಬಾಚಿಕೊಂಡು ಮನೆಗೆ ಓಡಿದ. ತಲೆ ನಿಜಕ್ಕೂ ನೋಯತೊಡಗಿತ್ತು.

ಹೆಂಡತಿ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ತೊಡೆಯ ಮೇಲೆ ಬಕೆಟ್ಟಿನ ಹಿಂದಿನ ನೂಲುಂಡೆ.

"ನರ್ಸಮ್ಮ ಬಂದಿದ್ಲು. ನಾನು ಟೊಪ್ಪಿ ಹೆಣೀತೀನಂತೆ. ಕೈಕುಲುಕಿ ಹೋದ್ಲು. ನಂಗೇನೂ ಗೊತ್ತಿಲ್ಲ ಅಂದ್ರೆ ಅವಳ ಮುಂದೆ ಮಾನ ಹೋಗುತ್ತೆ ಅಂತ, 'ಹೂಂ, ಹೀಗೇ ಹೊತ್ತು ಹೋಗ್ಲಿ ಅಂತ' ಅಂದೆ." ಅವಳ ದನಿ ತಣ್ಣಗಿತ್ತು. "ಈಗ ಹೇಳಿ. ಯಾವಳವಳು?"

"ಯಾವಳು?"

"ನನ್ನ ಬಚ್ಚಲಲ್ಲಿ ನೂಲುಂಡೆ ಬಿಟ್ಟುಹೋಗುವಷ್ಟು ಸಲಿಗೆ ಇರೋಳು!"

ನಕ್ಷೆಗಾರ ನೆಲ ನೋಡಿದ. ಗೋಡೆ ನೋಡಿದ. ಕೊನೆಗೆ ತನ್ನ ಚಪ್ಪಲಿಗೆ ಹೇಳುವವನಂತೆ ಹೇಳಿದ: "ನಾನೇ ಕಣೇ."

"ಏನು ನೀವೇ?"

"ಹೆಣೆಯೋನು. ಕೂಸಿಗೆ ಅಂತ. ಬಚ್ಚಲಲ್ಲಿ ಕೂತ್ಕೊಂಡು."

ಹೆಂಡತಿ ಅವನ ಮೀಸೆಯನ್ನೂ ಕೈಯಲ್ಲಿದ್ದ ಚಕ್ಕೆಯನ್ನೂ ಹೊಂದಿಸಿ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು ನೋಡಿ, ಕುರ್ಚಿಯೂ ಅವಳ ಜೊತೆ ಕಿರುಗುಟ್ಟಿ ನಕ್ಕಿತು. ಕಳ್ಳತನ ಮಾಡಿ ಸಿಕ್ಕಿಬಿದ್ದಿದ್ದರೂ ಅವನಿಗೆ ಅಷ್ಟು ಅವಮಾನವಾಗುತ್ತಿರಲಿಲ್ಲ.

"ನಗು, ನಗು. ಹೋಗಿ ನರ್ಸಮ್ಮನಿಗೆ ನಿಜ ಹೇಳಿಬರ್ತೀನಿ, ಎಲ್ಲ ಮುಗೀಲಿ," ಎಂದು ಅವನು ಬಾಗಿಲಿಗೆ ತಿರುಗಿದ. ಬದುಕಿನಲ್ಲಿ ಅಪರೂಪಕ್ಕೆ ಬಂದ ಧೈರ್ಯ ಅದು.

ಹೆಂಡತಿಯ ನಗು ನಿಂತಿತು. "ಹುಷಾರ್! ಹೂಂ ಅಂದಾಗಿದೆ ನಾನು. ಈಗ ಹೋಗಿ ನೀವು ಹೇಳಿದ್ರೆ, ನಾಳೆ ಅವಳು ಬೀದೀಲಿ ನನ್ನನ್ನ ನಿಲ್ಲಿಸಿ ನಗ್ತಾಳೆ. ಗುಂಡಿ ಹಾಕೋಕೆ ಬರದವಳು ಅಂತ ಇಷ್ಟು ವರ್ಷ ಆಡಿಕೊಂಡಿದ್ದು ಸಾಕು. ಇವತ್ತು ಅವಳ ಮುಖ ನೀವು ನೋಡಬೇಕಿತ್ತು!"

"ಹಾಗಾದ್ರೆ ನಾಳೆ ಮಗಳಿಗೆ?"

"ನರ್ಸಮ್ಮ ಬಾಗಿಲಲ್ಲೇ ಕಾಯ್ತಿರ್ತಾಳೆ. ಮಗಳಿಗೂ ನಾನೇ ಹೆಣೆದೆ ಅನ್ಬೇಕು. ಬೇರೆ ದಾರಿ ಇಲ್ಲ."

ತಾತ ಹೆಣೆದ ಟೊಪ್ಪಿ ಹೀಗೆ ನಿಂತ ನಿಲುವಿನಲ್ಲೇ ಅಜ್ಜಿ ಹೆಣೆದ ಟೊಪ್ಪಿಯಾಯಿತು. ನಕ್ಷೆಗಾರನಿಗೆ ಅಳಬೇಕೆನ್ನಿಸಿತು, ಆದರೆ ಅತ್ತರೆ ಅದು ಇನ್ನೊಂದು ನಾಚಿಕೆ. "ಸಂಜೆ ಸಾಹೇಬರು ಹೆಂಡತೀನ ಕರ್ಕೊಂಡು ಬರ್ತಾರೆ. ನಿನ್ನ ಹೆಣಿಗೆ ನೋಡೋಕೆ," ಎಂದಷ್ಟೇ ಹೇಳಿದ.

ಹೆಂಡತಿಯ ಕೈಗೆ ಕಡ್ಡಿ ಕೊಟ್ಟು ನೋಡಿದ. ಅವಳು ಅದನ್ನು ಸೌಟಿನಂತೆ ಹಿಡಿದು ನೂಲನ್ನು ಕಲಕಿದಳು. ಕಲಿಸುವ ಆಸೆ ಬಿಟ್ಟು ಅವಳ ಬಲಗೈ ಬೆರಳುಗಳಿಗೆಲ್ಲ ದಪ್ಪಗೆ ಬಟ್ಟೆ ಸುತ್ತಿದ. ಕೈ ಸುಟ್ಟಿದೆ, ಹೆಣೆದು ತೋರಿಸಲಾಗದು ಅಂದರಾಯಿತು. ಮಿಕ್ಕ ಹೊತ್ತೆಲ್ಲ ತಾನು ಕೂತು, ಬಿಚ್ಚಿಹೋದದ್ದನ್ನು ಹೆಣೆದ. ಬೆರಳು ಕೆಂಪಾದವು, ಕತ್ತು ಹಿಡಿದುಕೊಂಡಿತು. ಸಂಜೆಯ ಹೊತ್ತಿಗೆ ಟೊಪ್ಪಿ ಮತ್ತೆ ಕಿವಿಯ ತನಕ ಬಂತು. ಹೆಸರು ಯಾರದಾದರೂ ಆಗಲಿ, ಕೂಸಿನ ತಲೆಗೆ ಟೊಪ್ಪಿಯಂತೂ ಇರುತ್ತದೆ ಎಂದುಕೊಂಡ.

ಬಾಗಿಲು ತಟ್ಟಿದ ಸದ್ದು. ಸಾಹೇಬರು ಬಂದರು. "ತಲೆನೋವು ಹೇಗಿದೆ?" ಎಂದರು. ನಕ್ಷೆಗಾರ ಇನ್ನೊಂದು ಸಲ ನೆಲ ನೋಡಿದ. ಸಾಹೇಬರ ಹಿಂದೆ ಅವರ ಹೆಂಡತಿ. ಅವರಿಬ್ಬರ ಹಿಂದೆ, ಯಾರೂ ಕರೆಯದಿದ್ದರೂ, ನರ್ಸಮ್ಮ.

"ಬನ್ನಿ, ಬನ್ನಿ. ನೋಡಿ, ಇವತ್ತೇ ಕೈ ಸುಟ್ಕೊಂಡುಬಿಟ್ಟೆ," ಎಂದು ನಕ್ಷೆಗಾರನ ಹೆಂಡತಿ ಕಟ್ಟಿದ ಬಲಗೈ ಮುಂದೆ ಚಾಚಿದಳು.

ಸಾಹೇಬರ ಹೆಂಡತಿ ಶಾಲಿನೊಳಗಿಂದ ಕೈ ಹೊರತೆಗೆದರು. ಅದು ಕೂಡ ಬಲಗೈ. ಅದಕ್ಕೂ ಬೆರಳುಗಳಿಗೆಲ್ಲ ದಪ್ಪಗೆ ಬಟ್ಟೆ.

"ನಂದು ಬಾಗಿಲಿಗೆ ಸಿಕ್ಕಿಬಿಡ್ತು," ಎಂದರು.

ಎರಡು ಬಟ್ಟೆ ಸುತ್ತಿದ ಕೈಗಳು ನಡುಮನೆಯಲ್ಲಿ ಎದುರುಬದುರು ನಿಂತವು.

ನರ್ಸಮ್ಮನ ಕಣ್ಣು ಮಿಂಚಿತು. "ಇಬ್ಬರಿಗೂ ಬಲಗೈಯೇ? ಇಬ್ಬರಿಗೂ ಇವತ್ತೇ? ಕಟ್ಟು ಬಿಚ್ಚಿ ನೋಡೋಣ, ಔಷಧಿ ಹಾಕ್ತೀನಿ."

"ಏನೂ ಬೇಡ!" ಎಂದು ಇಬ್ಬರು ಹೆಂಗಸರೂ ಒಂದೇ ಉಸಿರಿಗೆ ಕೂಗಿದರು. ನಕ್ಷೆಗಾರನ ಹೆಂಡತಿ, ನೋಯುವ ಕೈಯೆಂಬುದನ್ನೂ ಮರೆತು, ನರ್ಸಮ್ಮನ ಭುಜ ಹಿಡಿದು ಹೊಸ್ತಿಲು ದಾಟಿಸಿ ಬಾಗಿಲು ಹಾಕಿದಳು. ಆಮೇಲೆ ಸಾಹೇಬರ ಹೆಂಡತಿಯನ್ನು ಕರೆದುಕೊಂಡು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಪಿಸುಮಾತು, ಅದರ ಬೆನ್ನಿಗೆ ಉಕ್ಕಿ ಬಂದ ನಗು ಕೇಳಿಸಿತು.

ನಡುಮನೆಯಲ್ಲಿ ಗಂಡಸರಿಬ್ಬರೇ ಉಳಿದರು. ಸಾಹೇಬರು ಕಿಟಕಿಯ ಪರದೆ ಎಳೆದರು. ಕೋಟಿನ ಒಳಜೇಬಿಗೆ ಕೈ ಹಾಕಿ, ತಿಕ್ಕಿ ತಿಕ್ಕಿ ಹೊಳಪೇರಿದ ಒಂದು ಕ್ರೋಶಾ ಕಡ್ಡಿ ಹೊರತೆಗೆದು ಮೇಜಿನ ಮೇಲಿಟ್ಟರು. ಅವರ ಕಿವಿಯೂ ಕೆಂಪಗಿತ್ತು.

"ನೂಲಂಗಡಿ ಅಜ್ಜಿ?" ಎಂದು ನಕ್ಷೆಗಾರ ಮೆಲ್ಲಗೆ ಕೇಳಿದ.

"ಹಿಂದಿನ ಕೋಣೆ," ಎಂದರು ಸಾಹೇಬರು, ಅವನ ಮುಖ ನೋಡದೆ.

ನಕ್ಷೆಗಾರನ ಎದೆಯ ಮೇಲಿಂದ ಒಂದು ಬಂಡೆ ಇಳಿಯಿತು. ಲೋಕದಲ್ಲಿ ತನ್ನಂಥವನು ಇನ್ನೊಬ್ಬನಿದ್ದಾನೆ! ಅದೂ ಇವರು! ಇನ್ನು ಮುಚ್ಚಿಡುವುದೇನು? ಉಬ್ಬಿದ ಮನಸ್ಸಿನಿಂದ ಟೊಪ್ಪಿಯನ್ನು ಎರಡೂ ಕೈಯಲ್ಲಿ ಎತ್ತಿ ಅವರ ಮುಂದಿಟ್ಟ. "ನಾಳೆ ಬೆಳಿಗ್ಗೆ ಮೊಮ್ಮಗಳು ಬರ್ತಾಳೆ ಸಾರ್. ಅವಳಿಗೇ."

ಸಾಹೇಬರು ಟೊಪ್ಪಿ ತೆಗೆದುಕೊಂಡರು. ಮುಖದ ಮೇಲಿನ ನಾಚಿಕೆ ಕರಗಿತು. ಕನ್ನಡಕ ನಿಧಾನವಾಗಿ ಮೂಗಿನ ತುದಿಗೆ ಇಳಿಯಿತು. ಆ ಇಳಿಯುವಿಕೆಯನ್ನು ನಕ್ಷೆಗಾರ ಬಲ್ಲ.

"ನೆತ್ತಿಯಲ್ಲೇ ತಪ್ಪಿದೀರಿ. ಸುತ್ತು ಸುತ್ತಿಗೂ ಬೇಕಾದ್ದಕ್ಕಿಂತ ಜಾಸ್ತಿ ಹೊಲಿಗೆ ಹಾಕ್ತಾ ಹೋಗಿದೀರಿ, ಅದಕ್ಕೇ ಹೀಗೆ ನೆರಿಗೆ ಬಿದ್ದಿದೆ. ಇದು ಟೊಪ್ಪಿ ಅಲ್ಲ ಕಣ್ರೀ, ಹೂಕೋಸು."

"ಸಾರ್, ಕೂಸಿಗೆ ಗೊತ್ತಾಗಲ್ಲ ಸಾರ್..."

"ನನಗೆ ಗೊತ್ತಾಗುತ್ತಲ್ಲ."

ಅವರು ಕೊನೆಯ ಕುಣಿಕೆಯಿಂದ ಕಡ್ಡಿ ತೆಗೆದು ನೂಲು ಜಗ್ಗಿದರು. ನಕ್ಷೆ ಹರಿಯುವಾಗ ಸದ್ದಾದರೂ ಆಗುತ್ತಿತ್ತು. ಇದು ಸದ್ದೇ ಇಲ್ಲದೆ ಕಿವಿಯಿಂದ ಹಣೆಗೆ, ಹಣೆಯಿಂದ ನೆತ್ತಿಗೆ ಬಿಚ್ಚಿ, ಮೇಜಿನ ಮೇಲೆ ಗುಂಗುರು ಗುಂಗುರಾದ ಹಳದಿ ರಾಶಿಯಾಯಿತು.

ಸಾಹೇಬರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತರು. "ಮತ್ತೊಮ್ಮೆ," ಎಂದರು.

ನಕ್ಷೆಗಾರ ತಲೆ ತಗ್ಗಿಸಿ ಮೊದಲ ಕುಣಿಕೆ ಹಾಕಿದ. ಚಹಾ ತಂದ ಹೆಂಡತಿ ಬಾಗಿಲಲ್ಲಿ ನಿಂತು ರಾಶಿಯನ್ನೂ ಅವನನ್ನೂ ನೋಡಿದಳು. ಅಷ್ಟರಲ್ಲಿ ಕಿಟಕಿಯ ಆಚೆಯಿಂದ ನರ್ಸಮ್ಮನ ದನಿ ತೂರಿ ಬಂತು:

"ಅಕ್ಕಾ, ಟೊಪ್ಪಿ ಎಲ್ಲಿಗೆ ಬಂತು?"

"ಬಿಚ್ಚಿ ಮೊದಲಿಂದ ಹಾಕ್ತಿದೀನಿ ಕಣೇ!" ಎಂದು ಹೆಂಡತಿ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. "ಒಂದು ಹೊಲಿಗೆ ಆಚೀಚೆ ಆದ್ರೂ ನನ್ನ ಮನಸ್ಸಿಗೆ ಒಪ್ಪಲ್ಲ!"