ರೇಷ್ಮೆ ತಟ್ಟೆಗಳಲ್ಲಿ ಕಂಪನಿ ಸರ್ಕಾರ

ಸಿಂಚನಾ, ನಿಖಿಲ್, ನಿಮ್ಮ ಅಜ್ಜಿಯ ಕಣ್ಣು ಚೆನ್ನಾಗಿಯೇ ಇದೆ. ಹೋದ ವರ್ಷ ಕಣ್ಣು ತೋರಿಸಲು ಚಿಂತಾಮಣಿಗೆ ಹೋಗುತ್ತೇನೆ ಎಂದದ್ದು ಸುಳ್ಳು. ನಾನು ಹೋದದ್ದು ಪಿಯುಸಿ ಇತಿಹಾಸದ ಪರೀಕ್ಷೆ ಬರೆಯಲು!

ಹಳ್ಳಿ ಶಾಲೆಯಲ್ಲಿ ಹತ್ತನೇ ತರಗತಿ ಮುಗಿದ ವರ್ಷವೇ ನನ್ನ ಮದುವೆಯಾಯಿತು. "ಪಿಯುಸಿ ಕಟ್ಟೇ, ಏನಾಗ್ತದೆ?" ಎಂದು ನಿಮ್ಮ ತಾತ ಆಗಾಗ ಹೇಳುತ್ತಿದ್ದರು. ನಾಲ್ಕು ಜನರ ಮುಂದೆ ಹೆಸರು ಹೇಳಲೂ ನಾಚುವ ನಾನು ನಕ್ಕು ಒಳಗೆ ಹೋಗಿಬಿಡುತ್ತಿದ್ದೆ. ಅವರು ಹೋದ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ಪಾಸಾಗಿ ಅವರ ಫೋಟೋದ ಮುಂದೆ ಅಂಕಪಟ್ಟಿ ಇಡಬೇಕು ಎನಿಸಿತು. ಉಳಿದ ವಿಷಯಗಳನ್ನು ಹಿಂದಿನ ಸಲ ಹೇಗೋ ದಾಟಿದ್ದೆ. (ಆಗ ಹೇಳಿದ್ದು ಹಲ್ಲುನೋವು!) ಉಳಿದದ್ದು ಇತಿಹಾಸ ಒಂದೇ.

ಗುಟ್ಟಾಗಿ ಓದಲು, ರೇಷ್ಮೆ ಹುಳು ಸಾಕುವ ನಮ್ಮ ಹುಳು ಮನೆಗಿಂತ ಒಳ್ಳೆಯ ಜಾಗ ಎಲ್ಲಿದೆ? ಹುಳಕ್ಕೆ ರೋಗ ತಗಲೀತೆಂದು ಕೈಕಾಲು ತೊಳೆಯದೆ ಮನೆಯವರೇ ಒಳಗೆ ಬರುವಂತಿಲ್ಲ, ಹೊರಗಿನವರ ಮಾತಂತೂ ಬೇಡ. ದಿಲ್ಲಿಯ ಕೋಟೆಗೂ ಅಂಥ ಕಾವಲು ಇದ್ದಿರಲಾರದು. ಆದರೂ ಪಕ್ಕದ ಮನೆಯ ನಾರಾಯಣಮ್ಮ ಕಿಟಕಿಯಾಚೆಯಿಂದ ಕೇಳಿಯೇಬಿಟ್ಟಳು.

"ಅಕ್ಕಯ್ಯಾ, ಹುಳುಗೆ ಅದ್ಯಾವ ಕಥೆ ಹೇಳ್ತಾ ಇದ್ದೀಯ? ಪೋಪು, ಚರ್ಚು ಅಂತಿದ್ದೆ!"

"ಏನಿಲ್ಲ ಕಣೇ, ಸೊಪ್ಪು ಹಾಕ್ತಿದ್ದೆ" ಎಂದೆ. ಪುಸ್ತಕ ಸೊಪ್ಪಿನಡಿ ಸೇರಿತು!

ಇಸವಿಗಳು ನನ್ನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಯಾವ ವಸ್ತು ಎಲ್ಲಿದೆ ಎಂಬುದು ಮರೆಯುತ್ತಿರಲಿಲ್ಲ. ಹಾಗಾಗಿ ಪರೀಕ್ಷೆಯ ಹಿಂದಿನ ದಿನ ಒಂದು ಮಹಾ ಉಪಾಯ ಹೂಡಿದೆ. ಸ್ಟ್ಯಾಂಡಿನಲ್ಲಿ ಹುಳು ತಟ್ಟೆಗಳು ಆರು, ಒಂದರ ಕೆಳಗೊಂದು. ಅಂಚಿಗೆ ಆರು ಚೀಟಿ ಅಂಟಿಸಿದೆ. ಮೇಲಿನಿಂದ ಪೋರ್ಚುಗೀಸರ ಹಡಗು, ಯುರೋಪಿನಲ್ಲಿ ಪೋಪರ ಚರ್ಚು ಎರಡಾಗಿ ಒಡೆದದ್ದು, ಮೊಗಲರು, ಈಸ್ಟ್ ಇಂಡಿಯಾ ಕಂಪನಿ, ಪ್ಲಾಸಿ ಕದನ, ತಳದಲ್ಲಿ ಇಂಗ್ಲೆಂಡಿನ ರಾಣಿಯ ಆಳ್ವಿಕೆ. ಮೂರೂವರೆ ಶತಮಾನ ಆರು ತಟ್ಟೆಯಲ್ಲಿ ಅಚ್ಚುಕಟ್ಟಾಗಿ ಕೂತಿತು!

ಮರುದಿನ ಬೆಳಗ್ಗೆ ಹುಳುಗಳಿಗೆ ಸೊಪ್ಪು ಹಾಕಿ, ಸ್ಟ್ಯಾಂಡನ್ನು ಕಣ್ತುಂಬ ಇನ್ನೊಮ್ಮೆ ನೋಡಿ ಬಸ್ಸು ಹತ್ತಿದೆ.

ಪರೀಕ್ಷಾ ಕೋಣೆಯ ಬಾಗಿಲಲ್ಲೇ ಮೇಲ್ವಿಚಾರಕರು ತಡೆದರು. "ಅಮ್ಮಾ, ಪೋಷಕರು ಗೇಟಿನಾಚೆ ಇರ್ಬೇಕು."

"ನಾನೇ ಬರೆಯೋದು ಸಾರ್" ಎಂದು ಪಿಸುಗುಟ್ಟಿದೆ. ಹಾಲ್ ಟಿಕೆಟ್ ಮುಂದೆ ಚಾಚಿದೆ. ಮಕ್ಕಳೆಲ್ಲ ತಿರುಗಿ ನೋಡಿದರು.

ಪ್ರಶ್ನೆ ಬಂತು: ಘಟನೆಗಳನ್ನು ಕಾಲಾನುಕ್ರಮದಲ್ಲಿ ವಿವರಿಸಿ. ಕಣ್ಣು ಮುಚ್ಚಿದೆ. ಬೆಳಗ್ಗೆ ಕಂಡ ಸ್ಟ್ಯಾಂಡು ಹಾಗೇ ಕಣ್ಣ ಮುಂದೆ! ಬರೆದೆ: ಮೊದಲು ರಾಣಿ ನಮ್ಮನ್ನು ಆಳತೊಡಗಿದಳು. ನಂತರ ಪ್ಲಾಸಿಯಲ್ಲಿ ಕದನ ಗೆದ್ದರು. ಗೆದ್ದ ಮೇಲೆ ವ್ಯಾಪಾರಕ್ಕೆ ಕಂಪನಿ ತೆರೆದರು. ಆಮೇಲೆ ಮೊಗಲರು ಬಂದರು. ಅನಂತರ ಚರ್ಚು ಒಡೆಯಿತು. ಎಲ್ಲ ಮುಗಿದ ಮೇಲೆ ಪೋರ್ಚುಗೀಸರು ದಾರಿ ಕಂಡುಹಿಡಿದು ಹಡಗಿನಲ್ಲಿ ಬಂದಿಳಿದರು.

ನಡುವೆ ಅನುಮಾನ ಬಂದಿತ್ತು, ನಿಜ. ಆದರೆ ಕಣ್ಣಾರೆ ಕಂಡದ್ದನ್ನು ಹೇಗೆ ಅಲ್ಲಗಳೆಯಲಿ? ಆರು ಪುಟ ತುಂಬಿಸಿ ಬಂದೆ!

ಸಂಜೆ ಮನೆಗೆ ಬಂದವಳೇ ಹುಳು ಮನೆ ಹೊಕ್ಕೆ. ಕೈ ತಾನಾಗಿ ಮೇಲಿನ ತಟ್ಟೆಯನ್ನು ಹೊರಗೆಳೆಯಿತು. ಸೊಸೆ ಸವಿತಾ, ಅಂದರೆ ನಿಮ್ಮ ಅಮ್ಮ, ಹಿಂದೆಯೇ ಇದ್ದಳು.

"ಅತ್ತೆ, ಮೇಲಿನ ತಟ್ಟೆ ಕೆಳಗೆ, ಕೆಳಗಿನದು ಮೇಲೆ ಅಂತ ಬೆಳಗ್ಗೇನೇ ಬದಲಾಯಿಸಿದ್ರಲ್ಲ, ಮತ್ತೆ ಯಾಕೆ? ಅದ್ಸರಿ, ಈ ಚೀಟಿಗಳೇನು?"

ಆಗ ಹೊಳೆಯಿತು. ಎಲ್ಲ ಹುಳಕ್ಕೂ ಒಂದೇ ಸಮ ಶಾಖ ತಾಗಲೆಂದು ಮೂವತ್ತು ವರ್ಷದಿಂದ ದಿನಾ ತಟ್ಟೆ ಬದಲಾಯಿಸುವ ಕೈ ಇದು. ಆ ದಿನವೂ ಬದಲಾಯಿಸಿದೆ. ತಟ್ಟೆಯ ಜೊತೆ ಚೀಟಿ, ಚೀಟಿಯ ಜೊತೆ ಇತಿಹಾಸ ತಲೆಕೆಳಗು!

ಅಳುತ್ತ ಎಲ್ಲ ಒಪ್ಪಿಕೊಂಡೆ. ಸವಿತಾ ಬೈಯಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಹೋಗ್ಲಿ ಬಿಡಿ ಅತ್ತೆ, ಪೋರ್ಚುಗೀಸರು ಲೇಟಾಗಿಯಾದ್ರೂ ಬಂದ್ರಲ್ಲ!"

ಆ ಸಲ ರೇಷ್ಮೆ ಗೂಡು ಚೆನ್ನಾಗಿ ಬಂತು. ನಾನು ಫೇಲಾದೆ.

ಪರೀಕ್ಷೆಗೆ ಮತ್ತೆ ಕಟ್ಟಿದ್ದೇನೆ. ಈ ಸಲ ಚೀಟಿಗಳು ಗೋಡೆಯ ಮೇಲಿವೆ. ಅಂಕಪಟ್ಟಿ ಬರುವವರೆಗೆ ಇದನ್ನೆಲ್ಲ ಬರೆದ ಈ ಹಾಳೆಗಳನ್ನು ತಾತನ ಫೋಟೋದ ಹಿಂದೆ ಜೋಪಾನವಾಗಿಡಿ, ಮಕ್ಕಳೇ. ಪುಟಗಳಿಗೆ ಸಂಖ್ಯೆ ಹಾಕಿದ್ದೇನೆ. ಜೋಡಿಸಲು ಮಾತ್ರ ನನ್ನ ಕೈಗೆ ಕೊಡಬೇಡಿ!